ಏಕಾಂತಪ್ಪ ಕಂಡ ಗವಾಯಿ

ಹೊಳಲ್ಕೆರೆಯ ಜವಳಿ ಸಾಹುಕಾರ ಶಿವಕುಮಾರಪ್ಪನವರ ಅಂಗಡಿಗೆ ಗ್ರಾಮಫೋನು ಬಂದಾಗಿನಿಂದ ಏಕಾಂತಪ್ಪನಿಗೆ ಮನೆ ಮಠದ ಪರಿವೆ ಇರಲಿಲ್ಲ. ಅಲ್ಲಿದ್ದದ್ದು ಹೆಸರಿನ ಚೀಟಿ ಕಿತ್ತುಹೋದ ಒಂದೇ ಪ್ಲೇಟು. ಅದರಲ್ಲಿ ಯಾರೋ ಗವಾಯಿ ನೆಲದಡಿಯ ಕಾಳಿನ ಹಗೇವಿನೊಳಗೆ ಕೂತವರಂತೆ ದಪ್ಪ ದನಿಯಲ್ಲಿ, ಮೆಲ್ಲಗೆ ಹಾಡುತ್ತಿದ್ದರು. ಕೇಳಿ ಕೇಳಿ ಏಕಾಂತಪ್ಪ ಅವರ ಮೀಸೆ, ಹೊಟ್ಟೆಗಳನ್ನೂ ಕಂಡವನಂತೆ ಊರಿಗೆಲ್ಲ ವರ್ಣಿಸುತ್ತಿದ್ದ.

ಸಾಹುಕಾರರ ಮಗನ ಮದುವೆ ಗೊತ್ತಾಯಿತು. "ಈ ಪ್ಲೇಟಿನಾಗೆ ಹಾಡಿದೋರನ್ನೇ ಕಳಿಸ್ರಿ" ಎಂದು ಅವರು ಪ್ಲೇಟು ಮಾರಿದ್ದ ಹುಬ್ಬಳ್ಳಿಯ ದಲ್ಲಾಳಿಗೆ ಹೇಳಿದರು. ಸ್ಟೇಷನ್ನಿನಿಂದ ಕರೆತರುವ ಕೆಲಸ ಏಕಾಂತಪ್ಪನದು.

"ಜ್ವಾಪಾನವಾಗಿ ಕರ್ಕಂಡು ಬಾರಪ್ಪ. ಮುಂದಿನ ಜಮಖಾನದಾಗೆ, ಗವಾಯಿಗಳ ಎದುರಿಗೇ ನಿನ್ನ ಜಾಗ."

ಆ ಜಾಗದ ಆಸೆಗೆ ಅವನಿಗೆ ನಿದ್ದೆಯೇ ಹತ್ತಲಿಲ್ಲ. ಬೆಳಗ್ಗೆ ಹೊರಟರೆ ಪಕ್ಕದ ಮನೆ ಹುಚ್ಚಕ್ಕ ಗಾಡಿ ತಡೆದಳು.

"ಅಷ್ಟು ದಪ್ಪ ಆಳು ಅಂತೀಯ, ಬರೀ ಹುಲ್ಲಿನ ಮ್ಯಾಲೆ ಕುಂದ್ರಿಸ್ತೀಯೇನೋ" ಎಂದು ಎರಡು ಲೋಡುದಿಂಬು ಎಸೆದಳು. ಗಂಟಲಿಗೆಂದು ಮೆಣಸಿನ ಕಷಾಯದ ಚೊಂಬನ್ನೂ ಕೊಟ್ಟಳು. ಗಾಡಿ ಹೊಡೆಯುವ ಜಂಪಣ್ಣ ಭಾರಕ್ಕೆ ಹೆದರಿ ಬಲವಾದ ಎತ್ತುಗಳನ್ನೇ ಕಟ್ಟಿದ್ದ.

ರೈಲು ನಿಂತಿತು. ಮೀಸೆಯೂ ಇಳಿಯಲಿಲ್ಲ, ಹೊಟ್ಟೆಯೂ ಇಳಿಯಲಿಲ್ಲ. ಇಳಿದವಳು ತಂಬೂರಿ ಹಿಡಿದ ತೆಳ್ಳನೆಯ ಹೆಂಗಸು. ಜೊತೆಗೆ ಅವಳ ಮುದಿ ತಾಯಿ.

"ಸಾಹುಕಾರ್ರ ಮದಿವಿಗೆ ಬಂದೀವ್ರಿ. ಗಾಡಿ ಇದೇ ಏನ್ರಿ?"

"ಇಲ್ಲ ತಾಯಿ, ಇದು ಗವಾಯಿಗಳಿಗೆ ಅಂತ ಬಂದೈತೆ."

"ಹಾಡಾಕಿ ನಾನರೀ. ಆ ಪ್ಲೇಟ್ ನಂದು."

ಏಕಾಂತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಕೆ ರೇಗಿ ಅಲ್ಲೇ ನಿಂತು ಎರಡು ಸಾಲು ಹಾಡಿದಳು. ಹಾಡು ಅದೇ. ದನಿ ಮಾತ್ರ ಗಿಳಿಯ ದನಿಯಂತೆ ಚುರುಕು.

"ಹಾಡೇನೋ ಕಲ್ತೀರಿ, ಅವರ ದನಿ ಎಲ್ಲಿಂದ ತರ್ತೀರಿ? ಮೂರು ತಿಂಗಳಿಂದ ಕೇಳ್ತಾ ಇದೀನಿ ನಾನು. ಇನ್ನೊಬ್ಬರ ಹೆಸರಿನಾಗೆ ಉಣ್ಣಾಕೆ ಬರಬಾರ್ದು ತಾಯಿ."

"ನಡೀಯವ್ವ" ಎಂದು ಆಕೆ ತಾಯಿಯ ಕೈ ಹಿಡಿದು ಹುಬ್ಬಳ್ಳಿ ಕಡೆ ಹೊರಟಿದ್ದ ರೈಲನ್ನು ಹತ್ತಿದಳು.

ಗವಾಯಿಗಳು ಬರಲಿಲ್ಲವೆಂದಷ್ಟೇ ಹೇಳಿ ಏಕಾಂತಪ್ಪ ಚಪ್ಪರದಲ್ಲಿ ತಲೆ ತಗ್ಗಿಸಿ ನಿಂತ. ಬೀಗರ ಮುಂದೆ ಮಾನ ಉಳಿಸಿಕೊಳ್ಳಲು ಸಾಹುಕಾರರು ಗ್ರಾಮಫೋನನ್ನೇ ತರಿಸಿದರು. ದಾವಣಗೆರೆಯಲ್ಲಿ ಅಂಥದ್ದೇ ಯಂತ್ರ ಇಟ್ಟುಕೊಂಡಿದ್ದ ಬೀಗರೊಬ್ಬರು ಎದ್ದು ಬಂದು ಕೀಲಿ ತಿರುಗಿಸತೊಡಗಿದರು.

"ಅಷ್ಟು ಬ್ಯಾಡ್ರಿ, ಸ್ಪ್ರಿಂಗು ಸವೀತೈತೆ" ಎಂದು ಸಾಹುಕಾರರು ಕೈ ಅಡ್ಡ ತಂದರು. "ನಾವು ನಾಕೇ ಸುತ್ತು ಕೊಡದು."

"ಅರೆಹೊಟ್ಟೆ ಎತ್ತು ಓಡ್ತೈತೇನ್ರಿ? ಅದಕ್ಕೇ ನಿಮ್ಮ ಪ್ಲೇಟು ನಿಧಾನಕ್ಕೆ ಸುತ್ತಿ ಗೊಗ್ಗರು ದನಿಯಾಗೆ ನರಳ್ತೈತೆ. ಈಗ ಕೇಳ್ರಿ."

ಪ್ಲೇಟಿಗೆ ಮುಳ್ಳು ತಾಗಿತು. ಸ್ಟೇಷನ್ನಿನಲ್ಲಿ ಕೇಳಿದ ದನಿ ಚಪ್ಪರದ ತುಂಬ ಹರಿಯಿತು. ಜನ ತಲೆದೂಗಿದರು. ಏಕಾಂತಪ್ಪ ಮೆಲ್ಲಗೆ ಜನರ ಹಿಂದಕ್ಕೆ ಸರಿದ.

"ಹಂಗಾದ್ರೆ ನಾವು ಕರೆಸಿದ್ದು ಹೆಣ್ಣುಮಗಳನ್ನ" ಎಂದು ಸಾಹುಕಾರರು ಕಣ್ಣೊರೆಸಿಕೊಂಡರು. "ಪಾಪ, ರೈಲು ತಪ್ಪಿರಬೇಕು. ಶಿವರಾತ್ರಿಗೆ ಕರೆಸಾಣ. ಟೇಷನ್ನಿಗೆ ನೀನೇ ಹೋಗಪ್ಪ ಏಕಾಂತಪ್ಪ. ಗುರುತು ಹಿಡೀತೀಯೇನು?"

"ಹಿಡೀತೀನ್ರಿ" ಎಂದ ಏಕಾಂತಪ್ಪ, ಕೇಳಿಯೂ ಕೇಳದಂಥ ದನಿಯಲ್ಲಿ.

ಚಪ್ಪರದ ಕಂಬಕ್ಕೆ ಒರಗಿದ್ದ ಜಂಪಣ್ಣ ಕಷಾಯದ ಕೊನೆಯ ಗುಟುಕು ಕುಡಿದು ಬಾಯೊರೆಸಿಕೊಂಡ.

"ಇವರು ಹಿಡೀತಾರೆ ಸ್ವಾಮಿ. ಆಯಮ್ಮ ಇವರ ಗುರುತು ಹಿಡೀದಿದ್ರೆ ಸಾಕು."