ಡಾಂಗಲ್ಲಿನ ಕಾಶಿಯಾತ್ರೆ

ಮೊಳಕಾಲ್ಮೂರಿನ ರೇಷ್ಮೆ ಸೀರೆ ಗುರುತು ಕೇಂದ್ರದ ಡಾಂಗಲ್ಲು ಕಾಶಿಯಾತ್ರೆ ಮುಗಿಸಿಕೊಂಡು ಕ್ಷೇಮವಾಗಿ ಹಿಂದಿರುಗಿದೆಯೆಂದು ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ. ಈ ಪ್ರಕಟಣೆಯನ್ನು ಬರೆದವನು ಕೇಂದ್ರದ ಗುಮಾಸ್ತನಾದ ನಾನೇ. ಬಾಗಿಲಿಗೆ ಅಂಟಿಸುವ ಮೊದಲು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಭಗವಂತನ ಕೃಪೆ ಯಾವ ತೂತಿನಿಂದ ಒಳಗೆ ಬರುತ್ತದೆಂದು ನಮ್ಮಂಥವರಿಗೆ ಹೇಗೆ ತಿಳಿಯಬೇಕು? ಈ ಸಲ ಯುಎಸ್‌ಬಿ ತೂತಿನಿಂದ ಬಂತು.

ಡಾಂಗಲ್ಲು ಅಂದರೆ ಹೊಟ್ಟೆಯೊಳಗೆ ಸಿಮ್ ಇಟ್ಟುಕೊಂಡ, ಹೆಬ್ಬೆರಳು ಗಾತ್ರದ ಮೋಡೆಮ್ಮು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಇಂಟರ್‌ನೆಟ್ ಬರಬೇಕು. ನಮ್ಮ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು ಅಂತಾರೆ, ದಾಸೋಹದ ಹಾಗೆ. ಆ ಕಾರಣಕ್ಕೇ ನಾನು ದಿನಾ ಅದಕ್ಕೆ ಕೈಮುಗಿದು ಮುಚ್ಚಳ ತೆಗೆಯುತ್ತೇನೆ. ಆದರೆ ಡಾಂಗಲ್ಲು ಚುಚ್ಚಿದಾಗ ಪರದೆಯ ಮೇಲೆ ಮೂಡಿದ್ದು ಒಂದು ಸಿ.ಡಿ. ಚಿತ್ರ. ತಾನು ಮೋಡೆಮ್ಮಲ್ಲ, ಸಿ.ಡಿ. ಎಂದು ಡಾಂಗಲ್ಲು ಸ್ವತಃ ಹೇಳಿಕೆ ಕೊಟ್ಟಿತ್ತು.

ಆಗ ಎದುರಿಗೆ ಕೂತಿದ್ದವರು ನೇಕಾರ ರಂಗಯ್ಯನವರು ಮತ್ತು ಅವರ ಮನೆಯವರು ಪೆದ್ದಮ್ಮನವರು. ರಂಗಯ್ಯನವರ ತೊಡೆಯ ಮೇಲೆ ಆಗಷ್ಟೇ ಮಗ್ಗದಿಂದ ಇಳಿಸಿದ ಧಾರೆ ಸೀರೆ. ಅದರ ಫೋಟೋವನ್ನು ಸರ್ಕಾರದ ಪೋರ್ಟಲ್ಲಿನ ಮೂಲಕ ಇಂಟರ್‌ನೆಟ್ಟಿಗೆ ಏರಿಸಿದರೆ ‘ಮೊಳಕಾಲ್ಮೂರು ಕೈಮಗ್ಗ’ ಎಂಬ ಚೀಟಿ ಬರುತ್ತದೆ. ಚೀಟಿ ಇಲ್ಲದ ಸೀರೆಯನ್ನು ಮುಟ್ಟುವುದಿಲ್ಲವೆಂದು ಕೊಂಡ್ಲಹಳ್ಳಿಯ ಮದುವೆ ಮನೆಯವರು ಹೇಳಿ ಕಳಿಸಿದ್ದರು.

“ಚೀಟಿ ಇಲ್ದಿದ್ರೆ ಮಿಷನ್ ಸೀರೆ ಅಂತಾರೆ ಸ್ವಾಮಿ. ಕೈಕಾಲು ಎರಡೂ ಸವೆಸಿದೀನಿ ಇದಕ್ಕೆ,” ಎಂದರು ರಂಗಯ್ಯ.

ನಮ್ಮ ಅಧಿಕಾರಿ ಮುರುಗೇಂದ್ರಪ್ಪ ಸಾಹೇಬರು ಚಳ್ಳಕೆರೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಅಲ್ಲಿ ಎಣ್ಣೆ ಮಿಲ್ಲಿನ ಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ವೀಣಾ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಸಾರ್, ಅದು ಮೊದ್ಲು ಸಿ.ಡಿ. ವೇಷದಾಗೇ ಬರ್ತೈತೆ. ಚಿತ್ರದ ಪಕ್ಕ ಒಂದು ಬಾಣ ಐತಲ್ಲ, ಒತ್ತಿ. ಸಿ.ಡಿ. ಹೊರಗೆ ಹೋಗ್ತೈತೆ, ಅದೇ ಮೋಡೆಮ್ ಆಗಿ ಒಳಗೆ ಬರ್ತೈತೆ. ಅಷ್ಟೇ.”

“ಹೋಗೋದೂ ಅದೇ, ಬರೋದೂ ಅದೇ ಅಂದ್ರೆ ಏನಮ್ಮ ಅರ್ಥ?” ಎಂದರು ಸಾಹೇಬರು.

ಉತ್ತರ ಕೊಟ್ಟಿದ್ದು ಪೆದ್ದಮ್ಮ. “ಕಾಶಿಯಾತ್ರೆ ಅಲ್ವಾ ಅದು? ಮದ್ಲಿಂಗ ಕೊಡೆ ಹಿಡ್ಕಂಡು ಕಾಶಿಗೆ ಅಂತ ಹೊರಡ್ತಾನೆ. ಹೆಣ್ಣಿನೋರು ಕರ್ಕಂಡು ಬರ್ತಾರೆ. ಹೋಗೋವಾಗ ಬ್ರಹ್ಮಚಾರಿ, ಬರೋವಾಗ ಅಳಿಯ. ಆಳು ಒಬ್ನೇ.”

“ಕರೆಕ್ಟ್ ಕಣಮ್ಮ, ಹಂಗೇ,” ಎಂದು ವೀಣಾ ನಗುತ್ತಾ ಫೋನ್ ಇಟ್ಟಳು.

ಸಾಹೇಬರು ನಗಲಿಲ್ಲ. ಅಂದು ಸಂಜೆಯೇ ಆದೇಶ ಹೊರಬಿತ್ತು: “ತಾಂತ್ರಿಕ ಅಭಿಪ್ರಾಯದ ಮೇರೆಗೆ, ಸದರಿ ಡಾಂಗಲ್ಲು ಕಾಶಿಗೆ ಹೋಗಿ ಬಂದ ವಿನಾ ಮೋಡೆಮ್ಮಾಗಿ ಕಾರ್ಯ ನಿರ್ವಹಿಸಲು ಅರ್ಹವಲ್ಲ. ನಿರ್ಜೀವ ವಸ್ತು ಒಂಟಿಯಾಗಿ ಪ್ರಯಾಣಿಸತಕ್ಕದ್ದಲ್ಲವಾದ್ದರಿಂದ ಅಧಿಕಾರಿಯವರೂ ಅವರ ಧರ್ಮಪತ್ನಿಯೂ ಅತ್ತೆಯವರೂ ಜೊತೆಗೆ ತೆರಳತಕ್ಕದ್ದು. ವೆಚ್ಚವನ್ನು ಇಂಟರ್‌ನೆಟ್ ಬಾಬ್ತಿನಿಂದ ಭರಿಸತಕ್ಕದ್ದು.”

ರಂಗಯ್ಯನವರು ತಲೆ ಕೆರೆದುಕೊಂಡರು. “ಸ್ವಾಮಿ, ಮದ್ವೇಲಿ ಯಾರೂ ನಿಜವಾಗ್ಲೂ ಕಾಶಿಗೆ ಹೋಗಲ್ಲ. ಬೀದಿ ತುದಿಗಂಟ ಹೋಗಿ ವಾಪಸ್ ಬರ್ತಾರೆ.”

“ಅದು ಖಾಸಗಿ ಮದ್ವೆ ರಂಗಯ್ಯ. ಸರ್ಕಾರಿ ಕೆಲ್ಸದಾಗೆ ಬೀದಿ ತುದಿಗಂಟ ಹೋಗಿ ಕಾಶಿಗೆ ಹೋಗಿದ್ದೆ ಅಂತ ಬರೆದ್ರೆ ಅದು ಭ್ರಷ್ಟಾಚಾರ ಆಗ್ತೈತೆ.”

ಇಂಥ ಪ್ರಾಮಾಣಿಕರ ಕೈಕೆಳಗೆ ಕೆಲಸ ಮಾಡುವ ಪುಣ್ಯಕ್ಕೆ ನನ್ನ ಕಣ್ಣು ತುಂಬಿ ಬಂತು.

“ಮತ್ತೆ ನನ್ನ ಸೀರೆ?”

“ಅದನ್ನೂ ಕೊಡು. ಕಾಶೀಲಿ ನೆಟ್ ಬಂದ ಕೂಡ್ಲೆ ಅಲ್ಲೇ ಏರಿಸಿಬಿಡ್ತೀನಿ. ನಿನ್ನ ಕೆಲ್ಸ ನಿಲ್ಲಬಾರದು.”

“ಇವ್ವೊದ್ದು,” ಎಂದರು ಪೆದ್ದಮ್ಮ ಗಂಡನಿಗೆ, ಕೊಡಬೇಡ ಎಂದು ತೆಲುಗಿನಲ್ಲಿ. ಸಾಹೇಬರಿಗೆ ತೆಲುಗು ಬರುತ್ತದೆಂದು ಅವರಿಗೆ ಗೊತ್ತಿತ್ತು, ಗಂಡನಿಗೆ ಗುಟ್ಟು ಹೇಳಿದ ಹಾಗಿದ್ದು ಸಾಹೇಬರ ಕಿವಿಗೂ ಬೀಳಲೆಂದೇ ತೆಲುಗಿನಲ್ಲಿ ಅಂದಿದ್ದು. ರಂಗಯ್ಯನವರು ಸೀರೆ ಮಡಚಿ ಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಡಾಂಗಲ್ಲಿಗೆ ಹೊಸ ಕೊಡೆ ಹಿಡಿಯಲಾಯಿತು. ಹಿಡಿದವರು ರಂಗಯ್ಯನವರೇ. ನಾನು ತೆಂಗಿನಕಾಯಿ ಒಡೆದೆ. ಇದ್ಯಾವ ದೇವರು ಎಂದು ಕಂಡಕ್ಟರ್ ಕೇಳಿದ. ಇನ್ನೂ ಆಗಿಲ್ಲ, ಹೋಗಿ ಬಂದ ಮೇಲೆ ಆಗುತ್ತದೆ ಎಂದೆ.

ಗಂಗೆಯ ದಡದಲ್ಲಿ ನಡೆದದ್ದನ್ನು ಸಾಹೇಬರು ಫೋನಿನಲ್ಲಿ ವಿವರಿಸಿದರು. ಸ್ನಾನ ಮುಗಿಸಿ, ಲ್ಯಾಪ್‌ಟಾಪ್ ತೆರೆದು ಚುಚ್ಚಿದರಂತೆ. ಅಲ್ಲೂ ಅದೇ ಸಿ.ಡಿ. ಅಷ್ಟರಲ್ಲಿ ಅತ್ತೆಯವರು “ಇದೇನಪ್ಪ ಬಾಣ?” ಎಂದು ಒದ್ದೆ ಬೆರಳಿನಿಂದ ಟಚ್ ಪರದೆಯ ಆ ಬಾಣವನ್ನೇ ಮುಟ್ಟಿದರಂತೆ. ಸಿ.ಡಿ. ಮಾಯವಾಯಿತು, ಮೋಡೆಮ್ಮು ಪ್ರತ್ಯಕ್ಷವಾಯಿತು. ಸಿಮ್ ಯಾವ ಕಂಪನಿಯದೆಂದು ಲಿನಕ್ಸೇ ವಿನಯದಿಂದ ಕೇಳಿತು. ಹೇಳಿದರು. ನೆಟ್ ಬಂತು. ಗಂಗೆಯ ಮಹಿಮೆ. ನಾನು ಇತ್ತ ಫೋನಿಗೆ ಮಂಗಳಾರತಿ ಎತ್ತಿದೆ.

ಕೊಟ್ಟ ಮಾತಿನಂತೆ ಸೀರೆಯ ಫೋಟೋ ಅಲ್ಲಿಂದಲೇ ಏರಿತು, ಚೀಟಿಯೂ ಬಂತು. ಫೋಟೋ ಯಾವ ಊರಿನಿಂದ ಬಂತೋ ಆ ಊರನ್ನು ಪೋರ್ಟಲ್ಲು ತಾನೇ ಬರೆದುಕೊಳ್ಳುತ್ತದೆ. ಸಾಹೇಬರು ಮರಳಿದ ದಿನ ರಂಗಯ್ಯನವರು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು: “ಅಸಲಿ ಕೈಮಗ್ಗ. ನೇಯ್ದ ಊರು: ವಾರಾಣಸಿ.”

“ಸ್ವಾಮಿ, ಇದು ಮೊಳಕಾಲ್ಮೂರಿಂದು. ನಾನೇ ನೇಯ್ದಿದ್ದು.”

“ನೀನು ನೇಯ್ದಿಲ್ಲ ಅಂತ ಯಾರಂದ್ರು? ಹೋಗೋವಾಗ ಮೊಳಕಾಲ್ಮೂರು, ಬರೋವಾಗ ಬನಾರಸ್. ಸೀರೆ ಒಂದೇ. ತಿದ್ದಿಸಬೇಕು ಅಂದ್ರೆ ಬನಾರಸ್ಸಿನ ನೇಕಾರ ಅಂತ ನೀನು ಅಲ್ಲೇ ಹೋಗಿ ಅರ್ಜಿ ಕೊಡ್ಬೇಕಾಗ್ತೈತೆ.”

ಪೆದ್ದಮ್ಮನವರು ಏನೋ ಅನ್ನಲು ಹೊರಟು, ಯಾವ ಭಾಷೆಯಲ್ಲೆಂದು ತಿಳಿಯದೆ ಸೀರೆಯನ್ನು ಮತ್ತೆ ಮಡಚತೊಡಗಿದರು.

ಕೊಂಡ್ಲಹಳ್ಳಿಯವರಿಗೆ ಹಿಡಿಸಲಾರದಷ್ಟು ಸಂತೋಷ. ಮೊಳಕಾಲ್ಮೂರು ಕೇಳಿದ್ದಕ್ಕೆ ಬನಾರಸ್ ಸಿಕ್ಕಿತಲ್ಲ ಎಂದು ಬಂದವರಿಗೆಲ್ಲ ಚೀಟಿ ತೋರಿಸಿದರು. ಬೇರೆ ತಾಲ್ಲೂಕುಗಳ ಕೇಂದ್ರಗಳವರೂ ತಮ್ಮ ಡಾಂಗಲ್ಲುಗಳಿಗೆ ಟಿಕೆಟ್ ಬುಕ್ ಮಾಡಿಸಿದ್ದಾರೆ.

ಮದುವೆಗೆ ನಾನೂ ಹೋಗಿದ್ದೆ. ಧಾರೆಯಾದ ಮೇಲೆ ಅಕ್ಷತೆ ಹಾಕಲು ಹೋದ ರಂಗಯ್ಯನವರು ಮದುಮಗಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಉಜ್ಜಿ, ಹಿಂದುಮುಂದು ತಿರುವಿ ನೋಡಿದರು. ಹೆಂಡತಿಯ ಕಡೆ ತಿರುಗಿ, “ಪರವಾಗಿಲ್ಲ ಕಣೇ,” ಎಂದರು, “ಬನಾರಸ್‌ನೋರೂ ಚೆನ್ನಾಗೇ ನೇಯ್ತಾರೆ.”