ಯಾರೂ ಕೇಳದ ಹಾಡಿಗೆ ಹುಲಿಗವ್ವ ಪಡೆದ ಸರ್ಟಿಫಿಕೇಟು

ಇರಕಲ್ಲಗಡದ ಆಚೆಗಿನ ಆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹೊಸ ಹಾಡನ್ನು ಯಾರು ಮೊದಲು ಹಾಕುತ್ತಾರೋ ಆ ಹಾಡು ಅವರದೇ ಎಂಬುದು ನಿರ್ವಿವಾದವಾದ ಸಂಗತಿ. ಹಾಡಿದವರು ಯಾರೆಂದು ಕೇಳುವ ಪದ್ಧತಿ ಇಲ್ಲ. ಹಾಕಿದವರನ್ನು ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂಡ್ರಿಸಿ, ಹೋಳಿಗೆ ಮೇಲೆ ಒಂದು ಸೌಟು ತುಪ್ಪ ಹೆಚ್ಚಿಗೆ ಬಿಡುತ್ತಾರೆ. ಹಿಂಗ ತುಪ್ಪ ತಿಂದು ತಿಂದು ಪಾರಮ್ಮ ತನ್ನ ಕುಬಸಗಳನ್ನು ಎರಡು ಸಲ ಬಿಚ್ಚಿ ಅಗಲ ಮಾಡಿ ಹೊಲಿಸಿದ್ದಳು. ಎದುರುಮನೆಯ ಹುಲಿಗವ್ವನ ಹೆಸರಿನಲ್ಲಿ ಒಂದು ಹಾಡೂ ಇರಲಿಲ್ಲ.

ಒಂದು ದಿನ ರೊಟ್ಟಿ ಬಡಿಯುವಾಗ ಹಿಟ್ಟಿನ ಬೆರಳು ಫೋನಿನ ಮೇಲೆ ಎಲ್ಲೆಲ್ಲೋ ಜಾರಿ, ಗಂಗಾವತಿಯ ಮುಬಾಶಿರಾ ಎಂಬ ಹುಡುಗಿ ಎಮ್ಮೆಯ ಮೈ ತಿಕ್ಕುತ್ತಾ ಆ ಎಮ್ಮೆಯ ಕುರಿತೇ ಕಟ್ಟಿ ಹಾಡಿದ ಹಾಡೊಂದು ಹುಲಿಗವ್ವನಿಗೆ ಸಿಕ್ಕಿತು. ನೋಡಿದವರು ಬರೇ ಹನ್ನೊಂದು ಮಂದಿ. ಹೆಂಚಿನ ಮೇಲಿನ ರೊಟ್ಟಿ ಕರಕಾಗುವ ತನಕ ಏಳು ಸಲ ಕೇಳಿದಳು. ಇನ್ನು ಪಾರಮ್ಮನ ಕೈಗೆ ಸಿಗುವುದರೊಳಗೆ ಗುಂಪಿಗೆ ಹಾಕಬೇಕು.

ಆದರೆ ಸೀದಾ ಹಾಕುವಂತಿಲ್ಲ. ಒಂದೇ ಹಾಡಿಗೆ ಇಬ್ಬರು ಹಕ್ಕು ಹೇಳಿ ಜುಟ್ಟು ಜುಟ್ಟು ಹಿಡಿದ ಮೇಲೆ ಗುಂಪಿನ ಅಡ್ಮಿನ್ ದ್ಯಾಮಣ್ಣ ನಿಯಮ ಹೊರಡಿಸಿದ್ದ. ಈತ ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಒತ್ತಿ ನಿವೃತ್ತನಾದವ. ಠಸ್ಸೆಯೂ ಅವನ ಸಂಗಡವೇ ನಿವೃತ್ತಿಯಾಗಿ ಮನೆಗೆ ಬಂದಿದೆ; ಕಚೇರಿಯವರಿಗೆ ಇನ್ನೂ ಗೊತ್ತಿಲ್ಲ.

“ಪ್ರಕಟಣೆ: ಹೊಸ ಹಾಡು ಹಾಕಬಯಸುವವರು ಅದು ಹೊಸದೆಂಬ ಬಗ್ಗೆ ಸರ್ಟಿಫಿಕೇಟು ಪಡೆಯತಕ್ಕದ್ದು. ಯಾರೂ ಕೇಳಿರದ ಹಾಡೇ ಹೊಸ ಹಾಡು. ಅರ್ಜಿಯೊಂದಿಗೆ ಹಾಡಿನ ಎರಡು ಭಾವಚಿತ್ರ ಲಗತ್ತಿಸತಕ್ಕದ್ದು.”

ಹುಲಿಗವ್ವ ಎಮ್ಮೆಯ ಎರಡು ಫೋಟೋ ಹಿಡಕೊಂಡು ದ್ಯಾಮಣ್ಣನ ಕಟ್ಟೆಗೆ ಹೋದಳು.

“ಹಾಡು ಹಚ್ಚಲೇನಪಾ?”

ದ್ಯಾಮಣ್ಣ ಕಿವಿ ಮುಚ್ಚಿಕೊಂಡ. “ಹಚ್ಚಬ್ಯಾಡಬೇ ಯವ್ವಾ. ನಾ ಕೇಳಿದ್ರ ಹಳೇದಾಗ್ತೈತಿ.”

“ಹನ್ನೊಂದು ಮಂದಿ ನೋಡ್ಯಾರಂತ ಅದರಾಗ ಬರದೈತಲ್ಲೋ.”

“ನೋಡ್ಯಾರ. ಕೇಳ್ಯಾರಂತ ಎಲ್ಲಿ ಬರದೈತಿ? ನೀ ಕೇಳೀಯೇನು?”

“ಕೇಳಲಾರದ ಹೆಂಗ ಹುಡುಕ್ಲೋ ಮಾರಾಯಾ?”

“ಹಂಗಾರ ಹಳೇದು.” ಅರ್ಜಿ ತಿರುಗಿಸಿ ಕೊಟ್ಟ. “ನಿನ್ನೆ ಪಾರಮ್ಮ ಒಂದು ತಂದಿದ್ಲು. ಕೇಳಿಲ್ಲಂತ ಮುಚ್ಚಳಿಕಿ ಬರಕೊಟ್ಲು, ಸರ್ಟಿಫಿಕೇಟು ಒಯ್ದ್ಲು.”

“ಅಕಿ ಕೇಳಿಲ್ಲಂದ್ರ ಯಾರು ನಂಬ್ತಾರ? ನಾ ಮನ್ಯಾಗ ಗಂಡಗ ಏನಂದ್ನಿ ಅನ್ನೂದು ಗಂಡಗಿಂತ ಮೊದ್ಲು ಅಕಿಗೆ ಗೊತ್ತಿರ್ತೈತಿ.”

“ಕಾಗದ ಐತಲ್ಲಬೇ. ಕಾಗದದ ಮುಂದ ಕಿವಿ ಯಾವ ಲೆಕ್ಕ.”

ಹುಲಿಗವ್ವ ಒಂದು ಗಳಿಗೆ ಎಮ್ಮೆಯ ಫೋಟೋ ನೋಡಿದಳು, ಇನ್ನೊಂದು ಗಳಿಗೆ ಪಾರಮ್ಮನ ಮನೆಯ ಕಡೆ ನೋಡಿದಳು. ದ್ಯಾಮಣ್ಣ ಬರೆದ ಮುಚ್ಚಳಿಕೆಗೆ ಎಡಗೈ ಹೆಬ್ಬೆಟ್ಟು ಒತ್ತಿದಳು. “ಸದರಿ ಹಾಡನ್ನು ನಾನು ಈವರೆಗೆ ಕೇಳಿರುವುದಿಲ್ಲ, ಮುಂದೆ ಕೇಳುವ ಇರಾದೆಯೂ ಇರುವುದಿಲ್ಲ, ಹಾಡು ಬಹಳ ಇಂಪಾಗಿರುತ್ತದೆ” ಎಂದು ಅದರಲ್ಲಿ ಬರೆದಿತ್ತು.

ಸಂಜೆ ಹಾಡು, ಸರ್ಟಿಫಿಕೇಟು ಎರಡೂ ಗುಂಪಿನಲ್ಲಿ ಬಿದ್ದವು. ಹಾಡನ್ನು ಯಾರೂ ತೆರೆಯಲಿಲ್ಲ, ತೆರೆದರೆ ಹಳೆಯದಾಗುತ್ತಿತ್ತು. ನೂರಾ ನಾಲ್ವತ್ತು ಮಂದಿ ಸರ್ಟಿಫಿಕೇಟಿಗೆ ಕೈಮುಗಿದರು. ಕಿರಾಣಿ ಅಂಗಡಿಯ ಹಜರತಬೀ “ಎದಿ ತುಂಬಿ ಬಂತ್ರಿ ಅಕ್ಕಾ” ಎಂದು ಬರೆದಳು. ಅಂದಿನಿಂದ ರೊಟ್ಟಿ ಬಡಿಯುವಾಗ ಹಾಡು ಗಂಟಲಿಗೆ ಬಂತೆಂದರೆ ಹುಲಿಗವ್ವ ಬಾಯಿಗೆ ಬೆಲ್ಲದ ಹೆಂಟೆ ತುರುಕಿಕೊಳ್ಳುತ್ತಿದ್ದಳು. ಗುನುಗಿದರೆ ಪಾರಮ್ಮ ಕೇಳಿ, ಹೋಗಿ ದ್ಯಾಮಣ್ಣನಿಗೆ ಹೇಳುವವಳೇ.

ಅದೇ ಊರಿನ ಗೋಣೆಪ್ಪನ ಮಗಳ ಮದುವೆಯಲ್ಲಿ ಹುಲಿಗವ್ವ ಮೊದಲ ಪಂಕ್ತಿಗೆ ಕುಳಿತಳು. ಊಟವಾದ ಮೇಲೆ ಹಿರಿಯರು ಹುಲಿಗವ್ವನ ಹಾಡು ಆಗಲಿ ಅಂದರು. ದ್ಯಾಮಣ್ಣ ನಿಯಮದ ಹಾಳೆ ತಿರುವಿ ನೋಡಿ, ಸದ್ದು ಪೂರ್ತಿ ಬಂದ್ ಇಟ್ಟು ಹಚ್ಚಲು ಅಡ್ಡಿಯಿಲ್ಲವೆಂದು ಅಪ್ಪಣೆ ಕೊಟ್ಟ. ಎರಡು ದೊಡ್ಡ ಸ್ಪೀಕರ್ ತಂದಿಟ್ಟು ಫೋನಿಗೆ ಜೋಡಿಸಿದರು. ಅಳುತ್ತಿದ್ದ ಕೂಸನ್ನು ಹೊರಗೆ ಒಯ್ದರು. ನಾಲ್ಕು ನಿಮಿಷ ಚಪ್ಪರದಲ್ಲಿ ಒಂದು ಪಿಸುಮಾತೂ ಇಲ್ಲ. ಒಳಗೆಲ್ಲೋ ಹಾಡು ಗೊತ್ತಿದ್ದ ಹುಲಿಗವ್ವನ ಕಾಲ್ಬೆರಳು ಮಾತ್ರ ಒಂದೆರಡು ಸಲ ತಾಳ ಹಾಕಿತು. ಅವಳು ಸೀರೆ ಇಳಿಬಿಟ್ಟು ಮುಚ್ಚಿದಳು.

ಪಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನೊಮ್ಮೆ ಹಚ್ಚವಾ.”

ಹುಲಿಗವ್ವ ಹಚ್ಚಿದಳು. ಮೊದಲಿನದಕ್ಕಿಂತ ಎರಡನೇ ಸಲ ಇನ್ನೂ ಛಲೋ ಇತ್ತೆಂದು ಇಡೀ ಚಪ್ಪರ ಒಪ್ಪಿತು.