ನಲವತ್ತು ಕೋಣೆಯ ಮನೆಗೆ ಬೇವೂರಿನ ತಕರಾರು

ಅಮೇರಿಕಾದ ಹಳೆಯ ಬಂಗಲೆಗಳನ್ನು ಯಾರು ಕಟ್ಟಿಸಿದರು, ಯಾರು ಮೆರೆದರು, ಯಾವ ಮಗ ಮುಳುಗಿಸಿದ ಎಂಬುದನ್ನು ಆ ದೇಶದ ಅಧ್ಯಕ್ಷರಿಗಿಂತ ಚೆನ್ನಾಗಿ ಬಲ್ಲ ಮಹನೀಯರೊಬ್ಬರು ಎಪ್ಪತ್ತರ ದಶಕದಲ್ಲಿ ಯಲಬುರ್ಗಾದಲ್ಲಿದ್ದರು. ಅವರು ನನ್ನ ಸೋದರಮಾವ. ಸ್ವತಃ ಅವರು ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮಳೆ ಬಂದರೆ ಒಂದೂವರೆ!

ಮಾವ ಜಮೀನಿನ ಕಾಗದಪತ್ರ ಬರೆಯುವ ಗುಮಾಸ್ತರು. ಯಾರಾದರೂ ತೀರಿಕೊಂಡರೆ ವಾರಸುದಾರರ ವಂಶವೃಕ್ಷ ಬರೆದು, ತಕರಾರು ಇದ್ದವರು ಮೂವತ್ತು ದಿನದೊಳಗೆ ತಿಳಿಸತಕ್ಕದ್ದು ಎಂದು ಊರ ಚಾವಡಿಗೆ ನೋಟೀಸು ಅಂಟಿಸುವುದು ಅವರ ಕಾಯಕ. ಹೀಗಿರಲು ಕೊಪ್ಪಳದ ರದ್ದಿ ಅಂಗಡಿಯಲ್ಲಿ ಅಮೇರಿಕಾದ ಬಂಗಲೆಗಳ ಇಂಗ್ಲಿಷ್ ಚಿತ್ರಪುಸ್ತಕವೊಂದು ಕಣ್ಣಿಗೆ ಬಿತ್ತು.

"ಒಯ್ರಿ ಸಾಹೇಬ್ರ," ಎಂದರಂತೆ ಅಂಗಡಿಯ ಚಾಚಾ. "ಹಾಳಿ ಭಾಳ ನುಣುಪದಾವ. ಭಜಿ ಕಟ್ಟಿದ್ರ ಎಣ್ಣೀನ ಹೀರಂಗಿಲ್ಲ."

ಭಜಿಗೆ ಬಾರದ್ದು ಮಾವನಿಗೆ ಪುರಾಣವಾಯಿತು. ಪುಟಕ್ಕೊಂದು ಮನೆ. ಆನೆಯ ಕಾಲಿನಂಥ ಬಿಳಿ ಕಂಬಗಳು, ನಲವತ್ತು ಕೋಣೆ, ಕೋಣೆಗೊಂದು ಒಲೆ! ಅದೂ ಅಡುಗೆಗಲ್ಲ, ಬರೀ ಮೈ ಕಾಯಿಸಲು. ಚಿತ್ರದ ಕೆಳಗೆ ಆ ಮನೆತನದ ಕಥೆ. ಮಾವ ನಿಘಂಟು ಹಿಡಿದು ಓದಿದರು. ಓದಿ ಕೈಮುಗಿದರು. ಆಮೇಲೆ ರೂಲುಪಟ್ಟಿ ತೆಗೆದುಕೊಂಡು ಒಂದೊಂದು ಮನೆತನಕ್ಕೂ ವಂಶವೃಕ್ಷ ಬರೆಯಲು ಕುಳಿತರು.

"ಇಲ್ನೋಡಲೇ ತಮ್ಮಾ," ಎಂದು ನನ್ನನ್ನು ಕರೆದರು. ದನಿ ಗುಡಿಯೊಳಗಿನಂತೆ ತಗ್ಗಿತ್ತು. "ಈ ಮನಿ ಮಗಳ ಹೆಸರಿಗೆ ಹೋಗೇತಿ. ಮಗಳ ಹೆಸರಿಗೆ! ಇಪ್ಪತ್ತು ವರ್ಷ ಆತು, ಒಂದು ವಂಶವೃಕ್ಷದಾಗರ ಹೆಣ್ಮಗಳ ಹೆಸರು ಬರೀರಿ ಅಂತ ನನಗ ಯಾರೂ ಹೇಳಿಲ್ಲ."

ಅಲ್ಲಿಂದ ಮುಂದೆ ಬಸ್ಸಿನಲ್ಲೂ ಅದೇ ಪ್ರವಚನ. ಯಾವುದೋ ಬಂಗಲೆಯ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದೂ ಸಾಯುವತನಕ ಮಾತು ಬಿಟ್ಟ ಕಥೆ ಕೇಳಿ, ಪಕ್ಕದ ಮುದುಕಿ ಎಲೆಯಡಿಕೆ ಹಾಕಿಕೊಳ್ಳುತ್ತ, "ಹಂಗಾದ್ರ ಅವ್ರೂ ನಮ್ಮ ಕಡಿಯವ್ರ ಆದ್ರು ಬಿಡ್ರಿ!" ಎಂದು ತೀರ್ಪು ಕೊಟ್ಟಳು.

ಪರಾಕಾಷ್ಠೆ ಇನ್ನೂ ಮುಂದಿತ್ತು. ಮಕ್ಕಳಿಲ್ಲದ ವಿಧವೆಯೊಬ್ಬಳು ನಲವತ್ತು ಕೋಣೆಯ ಮನೆಯನ್ನು ಊರಿಗೇ ಬಿಟ್ಟುಕೊಟ್ಟಿದ್ದಳು. ತಕರಾರು ಕೇಳದೆಯೇ? ಮಾವನ ನ್ಯಾಯಬುದ್ಧಿ ಕೆರಳಿತು. ತಮ್ಮ ಹುಟ್ಟೂರು ಬೇವೂರಿನ ಚಾವಡಿಗೆ ಅಮೇರಿಕಾದ ಮನೆಯ ನೋಟೀಸು ಅಂಟಿಸಿಯೇ ಬಂದರು! ಇಪ್ಪತ್ತೊಂಬತ್ತನೆಯ ದಿನ ಒಂದು ತಕರಾರು ಬಂತು. ಎಲ್ಲ ನೋಟೀಸಿಗೂ ಹೆಬ್ಬೆಟ್ಟು ಒತ್ತುವ ಮುದುಕನದು: "ಮನಿ ಯಾವದರ ಇರ್ಲಿ, ನಂದೊಂದು ತಕರಾರು ಇರ್ಲಿ." ಮಾವ ಅದನ್ನು ಭಕ್ತಿಯಿಂದ ಪುಸ್ತಕದಲ್ಲಿ ಇಟ್ಟುಕೊಂಡರು.

ಊರು ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಮಗಳ ಎರಡು ಸಂಬಂಧಗಳು ಈ ಹುಚ್ಚಿನಿಂದಲೇ ತಪ್ಪಿದ್ದವು. ಮೂರನೆಯದು ಕುಷ್ಟಗಿಯದು. "ಅವ್ರು ಎದ್ದು ಹೋಗೂತನ ಆ ಅಮೇರಿಕಾ ತೆರೀಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು. ಮಾವ ಒಪ್ಪಿದರು.

ಹುಡುಗನ ತಂದೆ ಬಂದು ಕುಳಿತು, ಸೋರಿದ ಗುರುತಿನ ಮಾಳಿಗೆಯನ್ನು ನಿಧಾನವಾಗಿ ನೋಡಿದರು.

"ಸ್ವಂತ ಮನಿ ಯಾವೂರಾಗ ಐತ್ರಿ?"

"ಬೇವೂರಾಗ... ಇತ್ರಿ."

ಅಷ್ಟೇ. ನಲವತ್ತು ಕೋಣೆಯ ಮನುಷ್ಯ ತಲೆ ತಗ್ಗಿಸಿ ಕುಳಿತುಬಿಟ್ಟರು! ಮಗಳಿಗೆ ಅದನ್ನು ನೋಡಲಾಗಲಿಲ್ಲ. ಅವಲಕ್ಕಿ ತಟ್ಟೆ ಕೆಳಗಿಟ್ಟು, ಗೂಡಿನಿಂದ ಪುಸ್ತಕ ತೆಗೆದು, ಕೊನೆಯ ಖಾಲಿ ಪುಟ ಬಿಚ್ಚಿ ಬಂದವರ ಮುಂದಿಟ್ಟಳು. ಅತ್ತೆ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮಾವ ಪೆನ್ಸಿಲಿನಲ್ಲಿ ಬಿಡಿಸಿದ್ದ ಬೇವೂರಿನ ಮನೆ. ಪಡಸಾಲೆ, ಬೆಳಕಿಂಡಿ, ಕಟ್ಟೆ. ಕೆಳಗೆ ಆ ಪುಸ್ತಕದ ಧಾಟಿಯಲ್ಲೇ: ಕಟ್ಟಿಸಿದವರು, ಮುತ್ತಜ್ಜ. ಬಾಳಿದವರು, ಅಜ್ಜ. ಮಾರಿದವರು, ಅಪ್ಪ. ವಂಶವೃಕ್ಷದ ಕಟ್ಟಕಡೆಯ ಕೊಂಬೆಯಲ್ಲಿ ಮಗಳ ಹೆಸರು. ಪಕ್ಕದಲ್ಲಿ ದುಂಡಗೆ, 'ವಾರಸುದಾರಳು'.

ಹುಡುಗನ ತಂದೆ ಚಾಳೀಸು ಮೂಗಿಗೆ ಏರಿಸಿ ಓದಿದರು. "ಮಾರಿದ ಮನೀಗೆ ವಾರಸುದಾರಳೇನ್ರಿ?"

"ಕೊಡಾಕ ಬ್ಯಾರೆ ಏನೂ ಇಲ್ರಿ," ಎಂದರು ಮಾವ. "ಹೆಸರರ ಬರದಿಟ್ಟೀನಿ."

ಅವರು ಆ ಹೆಸರಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ, "ನಮ್ಮ ಮನೀದೂ ಒಂದು ಬರದು ಕೊಡ್ರಿ ಬೀಗ್ರ," ಎಂದರು. "ಸೊಸಿ ಹೆಸರು ಬಿಡಬ್ಯಾಡ್ರಿ ಮತ್ತ."

ಮಾವ ಪೆನ್ಸಿಲು ಎತ್ತಿಕೊಂಡರು. ರೂಢಿ ಎಲ್ಲಿ ಬಿಡುತ್ತದೆ? ಮಗಳತ್ತ ನೋಡಿ, ಗಂಟಲು ಸರಿಪಡಿಸಿಕೊಂಡು ಕೇಳಿದರು: "ತಕರಾರು ಯಾರದರ ಐತೇನು?"

ಮಗಳು ನೆಲ ನೋಡಿ ನಕ್ಕಳು. ಇಪ್ಪತ್ತು ವರ್ಷಗಳಿಂದ ದಿನಕ್ಕೆ ಹತ್ತು ತಕರಾರು ಹೂಡುತ್ತಿದ್ದ ಅತ್ತೆ ಬಾಗಿಲ ಮರೆಯಿಂದ, "ನಂದೇನೂ ಇಲ್ರಿ," ಎಂದಳು.